ಎಂಟನೆಯ ಚೀಟಿ

"ತಡವಾಯ್ತು ಸರ್, ಮೂರು ಬಸ್ಸು ಬದಲಾಯಿಸ್ಬೇಕಿತ್ತು. ಗುಡ್ಡದ ಕ್ಲಿನಿಕ್ಕಿಂದ ಬಂದಿದೀನಿ. ನಮ್ಮ ಚೀಟಿ ಉಳ್ದಿದ್ಯಲ್ಲ?"

ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ನರ್ಸಮ್ಮನನ್ನು ಕಂಡು ಪ್ರೊಫೆಸರರ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು.

ಡಾಕ್ಟರಿಲ್ಲದ ಎಂಟು ಕ್ಲಿನಿಕ್ಕುಗಳಿಗೆ ಎರಡು ಮೆಡಿಕಲ್ ಕಾಲೇಜುಗಳು ಸೇರಿ ವರ್ಷಕ್ಕೆ ಎಂಟು ಜನ ಹೊಸ ಡಾಕ್ಟರರನ್ನು ಕಳಿಸುವ ಏರ್ಪಾಡು ಅದು. ಯಾರು ಎಲ್ಲಿಗೆ ಎಂದು ಎರಡೂ ಕಡೆಯವರು ಹಾವು ಮುಂಗುಸಿಯಂತೆ ಕಚ್ಚಾಡಿದ ಮೇಲೆ ಡಾಕ್ಟರರ ಹೆಸರು ಬರೆದ ಚೀಟಿ ಎತ್ತುವುದೆಂದು ತೀರ್ಮಾನವಾಗಿತ್ತು. ಕ್ಲಿನಿಕ್ಕಿನವರೇ ಬಂದು ಎತ್ತಬೇಕು. ಬಾರದಿದ್ದರೆ ಆ ವರ್ಷ ಅವರಿಗೆ ಡಾಕ್ಟರಿಲ್ಲ; ಯಾರೂ ಎತ್ತದೆ ಉಳಿದ ಡಾಕ್ಟರು ಇಲ್ಲೇ ದೊಡ್ಡಾಸ್ಪತ್ರೆಯಲ್ಲಿ ಇರಬಹುದು. ಗುಡ್ಡದ ಕ್ಲಿನಿಕ್ಕಿನಿಂದ ಎರಡು ವರ್ಷ ಯಾರೂ ಬಂದಿರಲಿಲ್ಲ. ಈ ಸಲವೂ ಬರಲಾರರೆಂದು ನಂಬಿ ಪ್ರೊಫೆಸರರು ಬೆಳಿಗ್ಗೆ ಒಂದು ಚೀಟಿಯನ್ನು ಟ್ರೇಗೆ ಹಾಕದೆ ಅಂಗಿಯ ಜೇಬಿಗೆ ಇಳಿಸಿದ್ದರು. ಅದರಲ್ಲಿ ಆ ಎಂಟು ಜನರಲ್ಲಿ ಒಬ್ಬಳಾದ ಅವರ ಮಗಳ ಹೆಸರಿತ್ತು. ಮಗಳು ಹಾಗೆ ಕೇಳಿರಲಿಲ್ಲ.

ನರ್ಸಮ್ಮ ಸ್ಟೀಲ್ ಟ್ರೇಯಲ್ಲಿ ಕೈಯಾಡಿಸಿದರು. ಏನೂ ಸಿಗಲಿಲ್ಲ.

"ಎಂಟನೇದೆಲ್ಲೋ?" ಎಂದರು ಇನ್ನೊಂದು ಕಾಲೇಜಿನ ಪ್ರೊಫೆಸರರು, ಇವರ ಹಳೆಯ ಸಹಪಾಠಿ. "ಬರ್ದಿದ್ದು ನೀನು ಅಂತ ನಾನು ಎಣಿಸೋಕೂ ಹೋಗ್ಲಿಲ್ಲ."

"ನಂದೇ ತಪ್ಪು ಬಿಡಿ ಸರ್, ಮೊದಲ್ನೇ ಬಸ್ಸು ಹಿಡೀಬೇಕಿತ್ತು" ಎಂದರು ನರ್ಸಮ್ಮ. "ಹೋದ ಎರಡು ಸಲ ಹೆರಿಗೆ ಕೇಸಿತ್ತು, ಬಿಟ್ಟು ಬರೋಕೆ ಇನ್ನೊಬ್ರಿಲ್ಲ. ಇವತ್ತು ಬಾಗಿಲಿಗೆ ಬೀಗ ಹಾಕ್ಕೊಂಡೇ ಬಂದುಬಿಟ್ಟೆ."

ಪ್ರೊಫೆಸರರು ತಲೆಯೆತ್ತಿದರು. ಎದುರಿನ ಬೆಂಚಿನಲ್ಲಿ ಕೂತ ಎಂಟು ಜನರಲ್ಲಿ ಏಳು ಜನರ ಹೆಸರು ಕೂಗಿಯಾಗಿತ್ತು. ಎಂಟನೆಯವಳು ಅಪ್ಪನ ಜೇಬನ್ನೇ ನೋಡುತ್ತಿದ್ದಳು. ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು ಅವರಿಗೆ.

"ಕೆಳಗೇನಾದ್ರೂ ಬಿತ್ತೇನೋ" ಎನ್ನುತ್ತ ಅವರು ಮೇಜಿನಡಿಗೆ ಬಗ್ಗಿ ಮಂಡಿಯೂರಿದರು. ಗಡಿಬಿಡಿಯಲ್ಲಿ ಜೇಬಿಗೆ ಕೈಹಾಕಿ ಚೀಟಿ ಎಳೆದರು. ಆಗಲೇ, ಹುಡುಕಿಕೊಡಲೆಂದು ಆಚೆ ಬದಿಯಿಂದ ನರ್ಸಮ್ಮನೂ ಬಗ್ಗಿದ್ದರು. ಚೀಟಿ ಎಲ್ಲಿಂದ ಬಂತೆಂದು ನೋಡಿಯೇ ನೋಡಿದರು.

"ಸಿಕ್ತಲ್ಲ ಸರ್, ಸಾಕು" ಎಂದು ನರ್ಸಮ್ಮ ಮೆಲ್ಲಗೆ ಕೈ ಚಾಚಿದರು. ಬೆವರಿಗೆ ಒದ್ದೆಯಾಗಿದ್ದ ಚೀಟಿಯನ್ನು ತೆಗೆದುಕೊಂಡು ಎದ್ದು, "ಕೆಳಗೇ ಬಿದ್ದಿತ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೆಸರು ಓದಿದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರೊಫೆಸರರಿಗೆ ಏಳಲಾಗಲಿಲ್ಲ. ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ಧೂಳು ಹಿಡಿದ ಒಂದು ಜೊತೆ ಚಪ್ಪಲಿ ಮಾತ್ರ. ಸ್ವಲ್ಪ ಹೊತ್ತಿಗೆ ಅದರ ಪಕ್ಕ, ತಾವೇ ಕೊಡಿಸಿದ್ದ ಬಿಳಿ ಬೂಟುಗಳು ಬಂದು ನಿಂತವು.

"ವಾಪಸ್ ಬಸ್ಸು ಎಷ್ಟೊತ್ತಿಗೆ ಸಿಸ್ಟರ್?" ಮಗಳ ದನಿ.

"ಈಗ ಹೊರಟ್ರೆ ಸಿಗುತ್ತೆ, ಡಾಕ್ಟ್ರಮ್ಮ."

ನಾಲ್ಕು ಪಾದಗಳೂ ಬಾಗಿಲ ಕಡೆ ತಿರುಗಿದವು. ಬಿಳಿ ಬೂಟುಗಳು ಹೊಸ್ತಿಲ ಬಳಿ ಒಂದು ಕ್ಷಣ ನಿಂತು, ಆಮೇಲೆ ದಾಟಿದವು.