ಇಟ್ಟಿಗೆ ಕಾರ್ಖಾನೆಯಲ್ಲಿ ಹುಟ್ಟಿದವಳು

ಎಂಬತ್ತು ತುಂಬಿದ ದಿನ ಬೆಳಿಗ್ಗೆಯೇ ಎಟೆಲಾ ಕೋಟು ಹಾಕಿಕೊಂಡು ಬಂದು, "ಅಕ್ಕಾ, ಇಟ್ಟಿಗೆ ಕಾರ್ಖಾನೆ ಹತ್ರ ಹೋಗೋಣ ನಡಿ" ಎಂದಳು.

ವಿಲ್ಮಾ ಕಾಫಿ ಕಲಕುವುದನ್ನು ನಿಲ್ಲಿಸಿದಳು. "ಇಷ್ಟು ವರ್ಷ ನಾನು ಕರೆದ್ರೆ, ಅಲ್ಲೇನಿದೆ ನೋಡೋಕೆ ಅಂತಿದ್ದೆ ನೀನು."

"ಹುಟ್ಟಿದ ಜಾಗಾನೂ ನೋಡದೆ ಸಾಯ್ಲಾ? ಏಳು."

ಯುದ್ಧದ ಕಾಲದಲ್ಲಿ, ನಲವತ್ನಾಲ್ಕರ ಮೇ ತಿಂಗಳು, ಕೊಶಿತ್ಸೆ ಊರಿನ ಯಹೂದಿಗಳನ್ನು ಆ ಕಾರ್ಖಾನೆಯಲ್ಲಿ ಕೂಡಿಹಾಕಿ, ಅಲ್ಲಿಂದ ರೈಲಿಗೆ ತುಂಬಿ ಸಾವಿನ ಶಿಬಿರಕ್ಕೆ ಸಾಗಹಾಕಿದ್ದರು. ಇಟ್ಟಿಗೆ ಒಣಗಿಸುವ ಚಪ್ಪರದಡಿ ಸೆರೆನಾ ಎಂಬುವಳಿಗೆ ಹೆರಿಗೆಯಾಯಿತು. ಊರೊಳಗಿಂದ ಕರೆಸಿದ್ದ ಸೂಲಗಿತ್ತಿ, ಮಗು ಸತ್ತೇ ಹುಟ್ಟಿತೆಂದು ಕಾವಲಿನವರಿಗೆ ಹೇಳಿ, ಅದನ್ನು ತನ್ನ ಚೀಲದಲ್ಲಿಟ್ಟುಕೊಂಡು ಹೊರಬಂದಳು. ಆ ಮಗು ಎಟೆಲಾ. ಸೂಲಗಿತ್ತಿಯ ಸ್ವಂತ ಮಗಳು ವಿಲ್ಮಾಗೆ ಆಗ ಆರು ವರ್ಷ. ಸೆರೆನಾ ಮರಳಿ ಬರಲಿಲ್ಲ.

ಬಸ್ಸಿಳಿದು ಇಬ್ಬರೂ ಕೈಹಿಡಿದು ನಡೆದರು. ಸ್ಮಾರಕವೆಂದರೆ ಒಂದು ಕಲ್ಲು, ಸುತ್ತ ಹುಲ್ಲು. ಅಳು ಬಂದೀತೆಂದು ಎಟೆಲಾ ಹೆದರಿದ್ದಳು, ಬರಲಿಲ್ಲ.

"ಹೆರುವಾಗ ಎಷ್ಟು ಕಿರುಚಿದಳೋ ಪಾಪ" ಎಂದಳು.

"ಅದು ಗೊತ್ತಿಲ್ಲ. ನಿನ್ನ ಕಿವಿ ನೋಡಿ ಮಾತ್ರ ನಕ್ಕಳಂತೆ. ನಮ್ಮ ಮಾವನ ಕಿವೀನೇ ಅಂಟಿಸ್ಕೊಂಡು ಬಂದಿದೆಯಲ್ಲ ಅಂದಳಂತೆ. ಅಮ್ಮ ಹೇಳ್ತಿದ್ದಳು."

ಎಟೆಲಾ ತಿರುಗಿ ನೋಡಿದಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅವಳ ಮಾತೆತ್ತಿದ್ರೆ ನೀನು ಎದ್ದು ಹೋಗ್ತಿದ್ದೆ. ಬಾಗಿಲಿಗೆ ಹೇಳ್ಬೇಕಿತ್ತಾ?"

ತಾಯಿ ನಕ್ಕಿರಬಹುದೆಂದು ಎಟೆಲಾ ಒಂದು ದಿನವೂ ಎಣಿಸಿರಲಿಲ್ಲ. ಜನ್ಮವಿಡೀ ತಲೆವಸ್ತ್ರದಲ್ಲಿ ಮುಚ್ಚಿಟ್ಟ ಅಗಲ ಕಿವಿಗಳನ್ನು ಮುಟ್ಟಿಕೊಂಡಳು. ಅವಳಿಗೂ ನಗು ಬಂತು. ನಗುತ್ತಲೇ, ಯಹೂದಿಗಳ ರೂಢಿಯಂತೆ, ಒಂದು ಬೆಣಚುಕಲ್ಲು ಹುಡುಕಿ ಸ್ಮಾರಕದ ಮೇಲಿಟ್ಟಳು.

"ಅಮ್ಮಾ" ಎಂದಳು. ಸೆರೆನಾಳನ್ನು ಹಾಗೆ ಕರೆದದ್ದು ಅದೇ ಮೊದಲು. "ನಾನು ಚೆನ್ನಾಗಿದ್ದೀನಿ. ಇಬ್ಬರು ಮಕ್ಕಳು, ಐದು ಮೊಮ್ಮಕ್ಕಳು. ನಾಲ್ವರಿಗೆ ಅದೇ ಕಿವಿ."

ಅಷ್ಟರಲ್ಲಿ ಶಾಲೆಯ ಹುಡುಗಿಯರ ಗುಂಪೊಂದು ಬಂತು. ಜೊತೆಗಿದ್ದ ಟೀಚರು ತಗ್ಗಿದ ದನಿಯಲ್ಲಿ ಕೇಳಿದಳು, "ಅಜ್ಜಿ, ನಿಮ್ಮವರು ಯಾರಾದ್ರೂ ಇಲ್ಲಿಂದ ಹೋದ್ರಾ?"

"ಎಲ್ಲಾ ಹೋದ್ರು ಕಣಮ್ಮ. ನಾನು ಇಲ್ಲಿಗೆ ಬಂದೆ."

ಟೀಚರಿಗೆ ಅರ್ಥವಾಗಲಿಲ್ಲ. "ಅವಳು ಹುಟ್ಟಿದ್ದೇ ಇಲ್ಲಿ. ಇವತ್ತಿಗೆ ಎಂಬತ್ತು" ಎಂದಳು ವಿಲ್ಮಾ, ಚೀಲದಿಂದ ಗಸಗಸೆ ಕೇಕಿನ ಡಬ್ಬಿ ತೆಗೆಯುತ್ತ.

ಹುಡುಗಿಯರು ಹುಲ್ಲಿನ ಮೇಲೆ ಕೂತರು. ಅದುವರೆಗೆ ಯಾರ ಮುಂದೆಯೂ ಬಾಯಿಬಿಡದಿದ್ದ ಎಟೆಲಾ ತಾಯಿಯ ಕತೆ ಶುರುಮಾಡಿದಳು. ತಪ್ಪಿದಲ್ಲೆಲ್ಲ ವಿಲ್ಮಾ ತಿದ್ದಿದಳು. ಕತೆ ಕೇಳುತ್ತ ಟೀಚರು ವಾಪಸು ಹೋಗುವ ಎರಡು ಬಸ್ಸುಗಳನ್ನು ಹಾಗೇ ಹೋಗಲು ಬಿಟ್ಟಳು.