ನಿದ್ದೆಯಲ್ಲಿದ್ದ ವೈದ್ಯ

ನಾನು ಎದ್ದು ಹೋಗಿದ್ದು ಹತ್ತೇ ನಿಮಿಷ. ನಮ್ಮ ಅಂಗಡಿಯ ಮುಂಬಾಗಿಲನ್ನು ಗಿರಾಕಿಯೊಬ್ಬ ಬಡಿಯುತ್ತಿದ್ದ. ಭಾನುವಾರ ರಜೆ ಎಂದು ಹೇಳಿ ಕಳಿಸಿ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ನನ್ನ ಕೈದಿ ಸತ್ತಿದ್ದ.

ಆಟದಲ್ಲಿ, ಸರಿ. ನಗುವವರು ನಗಲಿ. ನಮ್ಮದು ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಅಂಗಡಿ. ಅಪ್ಪ ಕಟ್ಟಿದ್ದು, ಈಗ ನಾನು, ನನ್ನ ಗಂಡ, ನನ್ನ ತಮ್ಮ ಸೇರಿ ನಡೆಸುತ್ತೇವೆ. ಭಾನುವಾರ ಮಧ್ಯಾಹ್ನ ಕಾಗದ ಕತ್ತರಿಸುವ ಮೇಜನ್ನು ಒರೆಸಿ, ಅದರ ಸುತ್ತ ಕೂತು, ಆರು ವರ್ಷದಿಂದ ಒಂದೇ ಕಥೆ ಆಡುತ್ತಿದ್ದೇವೆ. ಕಥೆ ನಡೆಸುವವರು ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳಬೇಕು, ಅದು ನಡೆಯುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರದ ಹಾಳೆಯಲ್ಲಿ ಉಳಿದದ್ದೆಲ್ಲ ಪೆನ್ಸಿಲ್ಲು, ಮೇಲಿನ ಸಾಲು ಮಾತ್ರ ಶಾಯಿ: ಒಳ್ಳೆಯವರೋ, ಕೆಟ್ಟವರೋ. ಅದಕ್ಕೆ ತಕ್ಕ ಹಾಗೇ ನಡೆಯಬೇಕು. ನಾನು ದಳವಾಯಿ, ಒಳ್ಳೆಯವಳು. ನನ್ನ ಗಂಡ ವೈದ್ಯ, ಅವರೂ ಒಳ್ಳೆಯವರು. ತಮ್ಮ ಕಳ್ಳ, ಕೆಟ್ಟವನು ಎಂದು ಆಸೆಪಟ್ಟು ಬರೆದುಕೊಂಡವನು.

ಶತ್ರುಗಳ ಕೋಟೆಯ ಮುದಿ ಕಾವಲುಗಾರನೊಬ್ಬ ನಮಗೆ ಶರಣಾಗಿದ್ದ. ನಿನ್ನ ಜೀವಕ್ಕೆ ನಾನು ಹೊಣೆ ಎಂದು ಮಾತು ಕೊಟ್ಟಿದ್ದೆ.

"ಯಾರು ಮಾಡಿದ್ದು?" ಎಂದೆ.

"ನಾನೇ," ಎಂದ ತಮ್ಮ. "ಕತ್ತು ಕುಯ್ದೆ. ಅವನನ್ನ ಕಟ್ಕೊಂಡು ಎಲ್ಲಿ ಅಂತ ತಿರುಗೋದು? ನನ್ನ ಪಾತ್ರ ಇರೋದೇ ಹಾಗೆ ಅಕ್ಕ."

"ನಾನು ಎದ್ದು ಹೋಗೋ ತನಕ ಕಾದಿದ್ದೂ ಪಾತ್ರಾನೇನೋ?"

"ಆಟ ಕಣೇ. ಯಾಕೆ ತಲೆ ಕೆಡಿಸ್ಕೋತೀಯ?"

ಮೈಯೆಲ್ಲ ಉರಿದುಹೋಯಿತು. 'ನಾನಿರೋದೇ ಹಾಗೆ' ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಚಿಕ್ಕಂದಿನಿಂದ ಆ ಒಂದು ಮಾತು ಹೇಳಿಕೊಂಡೇ ಎಲ್ಲದರಿಂದ ಜಾರಿಕೊಂಡ ಗಿರಾಕಿ ಇವನು. ಹೋಗಲಿ, ಕೆಟ್ಟವನು ಎಂದು ಶಾಯಿಯಲ್ಲೇ ಇದೆ. ನಾನು ಮೇಷ್ಟ್ರ ಕಡೆ ತಿರುಗಿದೆ.

"ವೈದ್ಯರು ಅಲ್ಲೇ ಇದ್ರಲ್ಲ. ಅವರೇನು ಮಾಡ್ತಿದ್ರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಕೇಳಿದೆನಮ್ಮ. ಎರಡು ಸಲ ಕೇಳಿದೆ. ನಾನು ನಿದ್ದೆಯಲ್ಲಿದೀನಿ ಅಂದ್ರು."

"ಸುಮ್ಮನೆ ಯಾಕೆ ಜಗಳ ಅಂತ," ಎಂದರು ನನ್ನ ಗಂಡ, ಮೇಜು ನೋಡುತ್ತ.

"ನಿದ್ದೆ ಬಂದಿತ್ತೋ, ಕಣ್ಣು ಮುಚ್ಕೊಂಡಿದ್ರೋ?"

ಆಗ ನನಗೆ ಬುಧವಾರ ನೆನಪಾಯಿತು.

ಹೊಲಿಗೆಯಮ್ಮ ನಮ್ಮಲ್ಲಿ ನಲವತ್ತು ವರ್ಷ ಪುಸ್ತಕ ಹೊಲಿದವರು. ನನಗೆ ಸೂಜಿ ಹಿಡಿಯಲು ಕಲಿಸಿದವರೂ ಅವರೇ. ಈಚೆಗೆ ಕಣ್ಣು ಮಂಜಾಗಿ ಕೆಲಸ ನಿಧಾನವಾಗಿತ್ತು. ಅವರನ್ನು ಬಿಡಿಸೋಣ ಎಂದು ತಮ್ಮ ವರ್ಷದಿಂದ ನನ್ನ ಪ್ರಾಣ ತಿನ್ನುತ್ತಿದ್ದ. ಈ ಅಂಗಡಿ ಇರುವ ತನಕ ನಿಮ್ಮ ಕುರ್ಚಿ ಇಲ್ಲೇ ಇರುತ್ತದೆ ಎಂದು ನಾನು ಅವರ ಕೈ ಹಿಡಿದು ಹೇಳಿದ್ದೆ. ಬುಧವಾರ ಕಾಗದ ತರಲು ಹೋಗಿ ಬಂದರೆ ಕುರ್ಚಿ ಖಾಲಿ. ಕಣ್ಣು ಕಾಣಲ್ಲ ಎಂದು ಅವರೇ ಬಿಟ್ಟು ಹೋದರು ಎಂದ ತಮ್ಮ. ಗಂಡ ಹೌದೆಂದು ತಲೆಯಾಡಿಸಿದರು. ನಾನು ಫೋನ್ ಮಾಡಿದರೆ ಹೊಲಿಗೆಯಮ್ಮ ಎತ್ತಲಿಲ್ಲ. ಬೇಸರದಲ್ಲಿರಬೇಕು ಎಂದುಕೊಂಡು ನಾನೂ ಸುಮ್ಮನಾದೆ, ಪೆದ್ದಿ.

"ಬುಧವಾರಾನೂ ನಿದ್ದೆ ಮಾಡ್ತಿದ್ರಾ?" ಎಂದು ಗಂಡನನ್ನು ಕೇಳಿದೆ.

ಅವರು ತಮ್ಮನ ಮುಖ ನೋಡಿದರು. ನನಗೆ ಅಷ್ಟು ಸಾಕಾಗಿತ್ತು.

"ಹೇಳಿ. ಇವನು ಬಿಡಿಸಿದಾಗ ಹೊಲಿಗೆಯಮ್ಮ ಏನಂದ್ರು?"

"ಒಂದೇ ಮಾತು ಕೇಳಿದ್ರು. ಇದು ಅವಳಿಗೂ ಗೊತ್ತಾ ಅಂತ."

"ನೀವೇನಂದ್ರಿ?"

"ನಾನು ಮಾತಾಡಲಿಲ್ಲ."

"ಗೊತ್ತು ಅಂತ ನಾನು ಹೇಳಿದೆ," ಎಂದ ತಮ್ಮ. "ಇಲ್ಲದಿದ್ರೆ ಅವರು ಕುರ್ಚಿ ಬಿಟ್ಟು ಏಳ್ತಿರಲಿಲ್ಲ."

ಮೇಷ್ಟ್ರು ಆಟದ ಹಾಳೆಗಳನ್ನು ಎತ್ತಿಟ್ಟುಕೊಂಡರು. ತಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡ; ಅದೇನೂ ಅವನಿಗೆ ಹೊಸದಲ್ಲ. ಆದರೆ ಹದಿನೈದು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಈ ಒಳ್ಳೆಯ ಮನುಷ್ಯನನ್ನು ಏನೆಂದು ಬೈಯಲಿ? ನಾನು ಚಪ್ಪಲಿ ಮೆಟ್ಟಿಕೊಂಡೆ.

"ನಾನೂ ಬರ್ತೀನಿ ಇರು. ನಾನೇ ಅವರಿಗೆ ಹೇಳ್ತೀನಿ," ಎಂದು ಗಂಡ ಎದ್ದರು.

"ಬೇಡ. ನೀವು ಮಲಗಿ."

ಹೊಲಿಗೆಯಮ್ಮನ ಮನೆ ನಾಲ್ಕು ಬೀದಿ ಆಚೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ನಡೆದೆ. ನನಗೇನೂ ಗೊತ್ತಿರಲಿಲ್ಲ ಎಂದರೆ ನಂಬುತ್ತಾರೆ, ನಂಬದೆ ಏನು, ನನ್ನನ್ನು ಎತ್ತಿ ಆಡಿಸಿದವರು ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಬಾಗಿಲು ತೆರೆದು, ಕಣ್ಣು ಕಿರಿದು ಮಾಡಿ, ಇಂಥವಳು ಎಂದು ಗುರುತು ಹಿಡಿದರು. ಒಳಗೆ ಕರೆಯಲಿಲ್ಲ.

"ಅಂಗಡಿ ಬೀಗದ ಕೈಗೆ ತಾನೇ ಬಂದಿದ್ದು? ಇರಿ, ತಂದುಕೊಡ್ತೀನಿ," ಎಂದರು.

ಅಲ್ಲಿಯವರೆಗೆ ಅವರು ನನ್ನನ್ನು ಬಾರೇ ಹೋಗೇ ಎನ್ನುತ್ತಿದ್ದರು.