ಇವತ್ತಿನ ನೆಪ

"ಇವತ್ತು ಬ್ರೇಕು," ಎಂದ ಡ್ಯೂಯಿ ಹ್ಯಾಟ್‌ಮೇಕರ್, ಕೋಲಾ ಬಾಟಲಿಯೊಳಕ್ಕೆ ಉಪ್ಪು ಶೇಂಗಾ ಸುರಿದುಕೊಳ್ಳುತ್ತ. "ಹೋದ ವಾರ ಇಂಜಿನ್ ಬಿಸಿ ಅಂದ್ವಿ, ಅದರ ಹಿಂದಿನ ವಾರ ಗಾಡಿ ಅದುರು ಅಂದ್ವಿ. ಯಾರಾದ್ರೂ ಮೈಕು ಹಿಡಿದ್ರೆ ಮುಖ ಸಪ್ಪಗೆ ಮಾಡ್ಕೊಂಡು ಹೇಳು."

"ಬ್ರೇಕು ಚೆನ್ನಾಗಿದೆ, ಯಜಮಾನ್ರೇ."

"ಚೆನ್ನಾಗಿಲ್ಲ ಅಂತ ನಾನೆಲ್ಲಂದೆ?"

ಕಾರ್ಬಿನ್ ಸ್ಟ್ಯಾಲರ್ಡ್ ಕೈಗವಸು ಎಳೆದುಕೊಂಡ. ಟೆನ್ನೆಸಿಯ ಬೆಟ್ಟಗಳ ನಡುವಿನ ಈ ಬೋಗುಣಿಯಂಥ ಟ್ರ್ಯಾಕಿನಲ್ಲಿ ಪಂದ್ಯ ಶುರುಮಾಡಿದ ಪ್ರತಿ ಕಾರಿಗೂ, ಕೊನೆಯದಕ್ಕೂ, ಬಹುಮಾನದ ಪಾಲಿತ್ತು. ಹೊಸ ಟೈರು, ಆಳುಕಾಳು, ಇವೆಲ್ಲ ಪಂದ್ಯ ಮುಗಿಸುವವರ ತಾಪತ್ರಯ. ಡ್ಯೂಯಿಯ ಕಾರು ಒಂದಷ್ಟು ಸುತ್ತು ಹಾಕಿ, ಒಂದು ನೆಪ ಹೇಳಿ ಒಳಗೆ ಬಂದುಬಿಡುತ್ತಿತ್ತು; ಖರ್ಚಿಲ್ಲದ ಆ ಪಾಲು ಅವನ ಜೇಬಿಗೆ. ಎಂಜಿನಿಯರಿಂಗ್ ಓದಿ, ಊರ ಮಣ್ಣಿನ ಟ್ರ್ಯಾಕುಗಳಲ್ಲಿ ಗೆದ್ದು ಬಂದ ಕಾರ್ಬಿನ್‌ಗೆ ಸಿಕ್ಕಿದ ಮೊದಲ ಕೆಲಸ ಇದು: ಓಡದೆ ಇರುವುದು. ಗಾಣದ ಎತ್ತಿಗಾದರೂ ಕೊನೆಯಲ್ಲಿ ಹಿಂಡಿ ಸಿಗುತ್ತದೆ; ಅವನಿಗೆ ಸಿಗುತ್ತಿದ್ದದ್ದು ಸಪ್ಪೆ ಮುಖ.

ನಿನ್ನೆ ಒಂದು ತಪ್ಪಾಗಿತ್ತು. ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಒಂಟಿ ಸುತ್ತಿನಲ್ಲಿ ಅವನ ಕಾಲು ಮೈಮರೆತು, ಹಿಂದಿನ ಸಾಲಿನಲ್ಲಿರಬೇಕಾದ ಕಾರು ಮುಂದಿನ ಹತ್ತರಲ್ಲಿ ನಿಂತಿತ್ತು.

"ಅಷ್ಟು ಜೋರಾಗಿ ಯಾಕೋ ಓಡಿಸ್ದೆ?" ಎಂದು ಡ್ಯೂಯಿ ರೇಗಿದ್ದ. "ಅಲ್ಲಿಂದ ಒಳಗೆ ಬಂದ್ರೆ ಜನ ನೋಡಲ್ವಾ?"

ಯಾರೂ ನೋಡದ ಹಾಗೆ ಸೋಲುವುದಕ್ಕೂ ಒಂದು ಕಸುಬುಗಾರಿಕೆ ಬೇಕು. ಅದು ತನಗೆ ಒಲಿಯುತ್ತಿದೆ ಎಂಬುದೇ ಕಾರ್ಬಿನ್‌ನ ಭಯವಾಗಿತ್ತು.

ಪಂದ್ಯಕ್ಕೆ ಮುಂಚಿನ ಪ್ರಾರ್ಥನೆಗೆ ಪಾದ್ರಿ ಒಂದೊಂದೇ ಕಾರಿನ ಬಳಿ ನಿಂತು ಬಂದರು. ಕಿಟಕಿಯ ಬಲೆಯೊಳಗೆ ಕೈ ತೂರಿಸಿ ಕಾರ್ಬಿನ್‌ನ ಅಂಗೈ ಹಿಡಿದುಕೊಂಡರು. ಒರಟು ಕೈ, ಬೆಚ್ಚಗಿತ್ತು.

"ತಂದೆಯೇ, ಈ ಮಗನನ್ನ ಕೊನೇ ಸುತ್ತಿನವರೆಗೂ ಕಾಯಿ."

ವಾರವಾರವೂ ಸಲೀಸಾಗಿ ಬರುತ್ತಿದ್ದ ಆಮೆನ್ ಇಂದು ಬರಲಿಲ್ಲ. ಪಾದ್ರಿ ಕೈ ಬಿಡಲಿಲ್ಲ.

"ಯಾಕಪ್ಪಾ?"

"ಕೊನೇವರೆಗೂ ಅಂದ್ರಲ್ಲ."

"ಹೂಂ. ಮತ್ತೆಲ್ಲೀವರೆಗೆ ಅನ್ಬೇಕಿತ್ತು?"

ಕಾರ್ಬಿನ್ ಅವರ ಮುಖ ನೋಡಿದ. ಅಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ.

"ಆಮೆನ್," ಎಂದ.

ಪಂದ್ಯ ಶುರುವಿನ ಹಸಿರು ಬಾವುಟ ಬಿತ್ತು. ಗ್ಯಾಲರಿಯ ಮಾಳಿಗೆಯ ಮೇಲೆ ವರ್ಲಿನ್ ಮಾವ ನಿಂತಿದ್ದ. ಕಾರ್ಬಿನ್‌ನ ತಾಯಿಯ ತಮ್ಮ, ಡ್ಯೂಯಿಯ ಲಾರಿ ಚಾಲಕ, ಈ ಕೆಲಸ ಕೊಡಿಸಿದವ. ಪಟ್ಟಿಗಳಲ್ಲಿ ತಲೆ ಬಿಗಿಸಿಕೊಂಡು ಕೂತವನಿಗೆ ಪಕ್ಕಕ್ಕೆ ಅಂಟಿಕೊಂಡು ಬರುವ ಕಾರು ಕಾಣುವುದಿಲ್ಲ. ಮೇಲಿನಿಂದ ಮಾವನೇ ಅವನ ಕಣ್ಣು.

"ಹೊರಬದಿಗೊಬ್ಬ," ಎನ್ನುತ್ತಿದ್ದ ಕಿವಿಯ ರೇಡಿಯೊದೊಳಗೆ. "ಇನ್ನೂ ಇದಾನೆ. ಇದಾನೆ. ಪಾರು."

ಕಾರು ಹಾಡುತ್ತಿತ್ತು. ತಿರುವಿನ ಇಳಿಜಾರಿಗೆ ಬಿದ್ದಾಗ ಮೈ ಬಲಕ್ಕೆ ಒತ್ತಿ, ನೇರವಾದಾಗ ಹಗುರವಾಗುತ್ತಿತ್ತು. ಒಬ್ಬನನ್ನು ದಾಟಿದ. ಇನ್ನೊಬ್ಬನನ್ನೂ.

"ಅಳಿಯಾ," ಎಂದ ಮಾವ. "ಊಟ ಬಡಿಸಿದೆ."

ಒಳಗೆ ಬಾ ಎಂಬುದಕ್ಕೆ ಅವರ ಗುಟ್ಟಿನ ಮಾತದು. ಪ್ರೇಕ್ಷಕರು ಬಾಡಿಗೆಯ ರೇಡಿಯೊದಲ್ಲಿ ಚಾಲಕರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕಾರ್ಬಿನ್ ಒಳದಾರಿಯ ಬಾಯನ್ನು ದಾಟಿ ಹೋದ.

"ಊಟ ಆರ್ತಾ ಇದೆ, ಅಳಿಯಾ."

"ನಂಗೆ ಹಸಿವಿಲ್ಲ, ಮಾವ."

ಮುಂದಿನ ಸುತ್ತಿನಲ್ಲಿ ಕಿವಿಯೊಳಗೆ ಡ್ಯೂಯಿಯ ದನಿ. "ನಿನ್ನ ಬ್ರೇಕು ಹೋಗಿದೆ ಕಣೋ."

"ಇಲ್ಲ ಯಜಮಾನ್ರೇ. ಬ್ರೇಕು ಚೆನ್ನಾಗಿದೆ." ಕೇಳುತ್ತಿದ್ದ ಎಲ್ಲರಿಗೂ ಹೇಳುವಂತೆ ನಿಧಾನವಾಗಿ ಹೇಳಿದ. "ಇಂಜಿನ್ನೂ ತಣ್ಣಗಿದೆ. ಅದುರೂ ಇಲ್ಲ."

"ನಿಂಗೆ ಹಾಕೋಕೆ ಒಂದು ಟೈರೂ ಇಲ್ಲ ಇಲ್ಲಿ."

"ಇದ್ದದ್ದರಲ್ಲೇ ಓಡಿಸ್ತೀನಿ."

"ಓಡಿಸು. ಆಮೇಲೆ ಈ ಜಿಲ್ಲೇಲಿ ಇನ್ಯಾರಾದ್ರೂ ನಿನ್ನ ಕಾರು ಹತ್ತಿಸಿದ್ರೆ ಹೇಳು. ವರ್ಲಿನ್, ನೀನು ಇಳಿದು ಬಾ."

ಕಾರ್ಬಿನ್ ಕಾದ. ತಿರುವು ಬಂತು, ಹೋಯಿತು.

"ಒಳಬದಿಗೊಬ್ಬ," ಎಂದ ಮಾವ ಮೆಲ್ಲಗೆ. "ಇದಾನೆ. ಪಾರು."

ಹೀಗೆ ಕೆಲವು ಸುತ್ತು. ಡ್ಯೂಯಿ ಮಾವನನ್ನು ಎರಡನೆಯ ಸಲ ಕರೆದ. ಮೂರನೆಯ ಸಲ ವರ್ಲಿನ್ ಎಂದು ಹೆಸರಷ್ಟನ್ನೇ ಅಂದ.

"ಮನೇಲಿ ಉಣ್ಣೋ ಬಾಯಿಗಳಿವೆ, ಅಳಿಯಾ," ಎಂದ ಮಾವ. "ಮುಂದೆ ಖಾಲಿ ಇದೆ. ಈಗಂತೂ ಖಾಲಿ ಇದೆ."

ಟಕ್ ಎಂದು ಮಾವನ ರೇಡಿಯೊ ಆರಿತು.

ಮುಂದಿನ ಬಲಗಾಲಿ ಸವೆದು ಕಾರು ಗೋಡೆಯತ್ತ ಜಾರತೊಡಗಿತ್ತು. ಹಿಡಿದು ಎಳೆದ. ಮತ್ತೆ ಜಾರಿತು, ಮತ್ತೆ ಎಳೆದ. ಪಕ್ಕದಲ್ಲಿ ಯಾರಿದ್ದಾರೋ ತಿಳಿಯದೆ ಓಡಿಸುವುದರಲ್ಲಿ ಒಂದು ವಿಚಿತ್ರ ಶಾಂತಿ ಇತ್ತು, ಕಣ್ಣು ಮುಚ್ಚಿ ಪ್ರಾರ್ಥಿಸಿದ ಹಾಗೆ. ಅವನಿಗೆ ಮೊದಲ ಬಾರಿ ನಿಜವಾಗಿಯೂ ಹೆದರಿಕೆಯಾಯಿತು. ಹೆದರಲು ತನ್ನದೆನ್ನುವ ಒಂದು ಕಾರಣ ಸಿಕ್ಕಿತೆಂದು ಅವುಡು ಬಿಗಿದು ನಕ್ಕ.

ನೇರಹಾದಿಯಲ್ಲಿ ಪ್ರತಿ ಸುತ್ತಿಗೂ, ಒಳದಾರಿಯ ಬದಿಗೆ ಕಾರು ನಿಲ್ಲಿಸುವ ಅವರ ಕಟ್ಟೆ ಕಣ್ಣಂಚಿನಲ್ಲಿ ಹಾಯುತ್ತಿತ್ತು. ಒಂದು ಸುತ್ತಿನಲ್ಲಿ ಕೋಲಿಗೆ ಕಟ್ಟಿದ ಅವನ ನಂಬರಿನ ಹಲಗೆ ಇರಲಿಲ್ಲ. ಇನ್ನೊಂದರಲ್ಲಿ ಉಪಕರಣದ ಪೆಟ್ಟಿಗೆ ಇರಲಿಲ್ಲ. ಮತ್ತೊಂದರಲ್ಲಿ ಡ್ಯೂಯಿಯ ಮಡಚುವ ಕುರ್ಚಿ. ಮಾವ ಎರಡೂ ಕೈಯಲ್ಲಿ ಜ್ಯಾಕು ಹೊತ್ತು, ಟ್ರ್ಯಾಕಿನ ಕಡೆ ಬೆನ್ನು ಹಾಕಿ ನಡೆಯುತ್ತಿದ್ದ.

ನಾಲ್ಕನೆಯ ಸ್ಥಾನದಲ್ಲಿದ್ದವನ ಹಿಂಬದಿ ಹತ್ತಿರವಾಗುತ್ತಿತ್ತು. ಕಾರ್ಬಿನ್ ಕಾಲು ಒತ್ತಿದ.

ಟ್ರ್ಯಾಕಿನ ಬಿಳಿ ಅಂಗಿಯ ಸಿಬ್ಬಂದಿಯೊಬ್ಬ ಅವರ ಕಟ್ಟೆಯ ಜಾಗಕ್ಕೆ ಪೊರಕೆ ಹಿಡಿದು ಬಂದಿದ್ದ. ಸುಗ್ಗಿ ಮುಗಿದ ಕಣ ಗುಡಿಸುವವನಂತೆ ಸಾವಕಾಶವಾಗಿ, ಗೆರೆಯಿಂದ ಗೆರೆಗೆ, ಗುಡಿಸುತ್ತಿದ್ದ. ಮುಂದಿನ ಸುತ್ತಿನಲ್ಲಿ ಅರ್ಧ ಮುಗಿದಿತ್ತು. ಅದರ ಮುಂದಿನದರಲ್ಲಿ ಬಿಸಿಲು ಬಿದ್ದ ಬರಿಯ ಸಿಮೆಂಟಿತ್ತು, ನಾಲ್ಕು ಬಿಳಿ ಗೆರೆಗಳ ಒಳಗೆ. ಗುಡಿಸುವವನೂ ಇರಲಿಲ್ಲ.